ಟಾಕಿಯ ಬುಡದ ಕೂಳೆ

ಉಮದಿಯ ದನದ ದವಾಖಾನೆಯಲ್ಲಿ ನಾನು ಡಾಕ್ಟರಲ್ಲ,
ಡಾಕ್ಟರು ಜತ್ತಕ್ಕೆ ಮೀಟಿಂಗಿಗೆ ಹೋದ ದಿನ
ಸೂಜಿ ಹಿಡಿಯುವವ.
ಫೋನು ಬಂದಾಗ ನೆತ್ತಿಯ ಮೇಲೆ ಹೊತ್ತು.
‘ಲಗೂ ಬರ್ರಿ, ಕೆಂದಿ ಮುಗಿಲ ನೋಡಲಿಕ್ಹತ್ಯದ.’

ಮುಗಿಲಲ್ಲಿ ನೋಡುವಂಥದ್ದೇನೂ ಇರಲಿಲ್ಲ.
ರೋಹಿಣಿ ಹೊಕ್ಕು ಒಂಬತ್ತು ದಿನ, ಹನಿಯಿಲ್ಲ.
ಎರೆಹೊಲದ ಬಿರುಕಿನಲ್ಲಿ ಯಾವುದೋ ಮಗುವಿನ ಚಪ್ಪಲಿ
ಬಿದ್ದು, ಕೈಗೆಟುಕದೆ ಅಲ್ಲೇ ಉಳಿದಿತ್ತು.
ದಾಳಿಂಬೆ ಗಿಡಗಳಿಗೆ ಬಿಸಿಲು ತಾಗದಿರಲೆಂದು
ಹಳೆ ಸೀರೆ ಹೊದಿಸಿದ್ದರು, ಸಾಲಿಗೆ ಸಾಲು.
ಬೈಕು ದಾಟುವಾಗ ಗಾಳಿಗೆ ಅಲುಗಿದವು,
ತೀರಿಹೋದ ಅತ್ತೆಯರೆಲ್ಲ ಎದ್ದು ನಿಂತು
ಸೆರಗು ಸರಿಮಾಡಿಕೊಂಡ ಹಾಗೆ.

ದುಂಡವ್ವನ ಅಂಗಳದಲ್ಲಿ ಎರಡು ಬಿದ್ದಿದ್ದವು:
ಅವಳ ಕೆಂದಿ, ಮತ್ತು ಮಗ್ಗಲ ಮನೆ ಗಫೂರನ ಕರೀ ಮಣಕ.
ಕತ್ತು ಬೆನ್ನಿಗೆ ತಿರುಚಿತ್ತು, ಹೊಟ್ಟೆ ನಗಾರಿ,
ಕಾಲು ಇಲ್ಲದ ಹೊಳೆಯಲ್ಲಿ ಈಜುತ್ತಿದ್ದವು.
ಮಣಕದ ಕಣ್ಣ ಮೇಲೆ ಆಗಲೇ ನೊಣ ಕೂತಿತ್ತು.
ಸೂಜಿ ಚುಚ್ಚಿದೆ. ಬಂದ ರಕ್ತ
ಕುಂಕುಮದಂಗಡಿಯಲ್ಲೂ ಸಿಗದಂಥ ಕೆಂಪು.
ಉಸಿರು ಒಳಗೆ ಹೋಗುತ್ತಿದೆ,
ಮೈ ಅದನ್ನು ಮುಟ್ಟುತ್ತಿಲ್ಲ. ಆ ಕೆಂಪಿನ ಅರ್ಥ ಅಷ್ಟು.

‘ಏನ ತಿಂದಾವ?’
ಯಾರೂ ಮಾತಾಡಲಿಲ್ಲ. ದುಂಡವ್ವ ಬೆರಳು ತೋರಿಸಿದಳು.

ಟ್ಯಾಂಕರು ಬಂದು ನಿಲ್ಲುವ ಕರೀ ಪ್ಲಾಸ್ಟಿಕ್ ಟಾಕಿ.
ಅದರ ನಲ್ಲಿಗೆ ಬಿಗಿದ ಸೈಕಲ್ ಟ್ಯೂಬು.
ಟ್ಯೂಬು ದಾಟಿ ಎರಡು ತಿಂಗಳಿಂದ ಸೋರುವ ನೀರು.
ಸೋರಿದಷ್ಟು ದೂರ, ಒಂದು ಚಾಪೆಯಗಲ,
ಕೊಯ್ದ ಜೋಳದ ಕೂಳೆ ಚಿಗುರಿತ್ತು
ಮೊಣಕಾಲು ಮುಟ್ಟದ ಹಾಗೆ.
ಹರದಾರಿ ಸುತ್ತ ಹಸಿರೆಂದರೆ ಅದೊಂದು,
ಇನ್ನೊಂದು ನಮ್ಮ ದವಾಖಾನೆಯ ಬಾಗಿಲ ಬಣ್ಣ.

ನೀರಡಿಸಿದ ಜೋಳ ಎಳೆತನದಲ್ಲಿ
ತನ್ನ ಸುಳಿಯೊಳಗೆ ವಿಷ ಇಟ್ಟುಕೊಳ್ಳುತ್ತದೆ.
ಓಡಲಾರದ್ದು, ಒದರಲಾರದ್ದು, ಇನ್ನೇನು ಮಾಡೀತು?
ಊರಲ್ಲಿ ಎಲ್ಲರಿಗೂ ಗೊತ್ತು. ಛಾವಣಿಯ ಕಬ್ಬಿನ ಸೋಗೆ
ಮೂರು ತಿಂಗಳು ಜಗಿದು ನಾಲಿಗೆ ಹರಿದ ದನಕ್ಕೆ
ಯಾರು ಹೇಳಬೇಕಿತ್ತು?
ಹಗ್ಗ ಹರಿದದ್ದು ಕೆಂದಿ. ಹಿಂದೆ ಹೋದದ್ದು ಮಣಕ.

ಚೀಲದಲ್ಲಿ ಔಷಧಿ ಇದ್ದದ್ದು ಒಂದಕ್ಕೆ ಸಾಲುವಷ್ಟು.
ನಾನು ಬಾಯಿ ತೆರೆಯುವ ಮೊದಲೇ ಗಫೂರ
ಕೆಂದಿಯ ಕೋಡು ಎರಡೂ ಕೈಯಲ್ಲಿ ಅದುಮಿ ಹಿಡಿದು,
ತನ್ನದರ ಕಡೆ ನೋಡದೆ,
‘ನಂದು ಹೋತ ಬಿಡ್ರಿ. ಇದಕ್ಕ ಹಾಕ್ರಿ’ ಎಂದ.

ಕತ್ತಿನ ನರಕ್ಕೆ ಔಷಧಿ, ಗೊಟ್ಟದಲ್ಲಿ ಬೆಲ್ಲದ ನೀರು.
ದೀಪ ಹಚ್ಚುವ ಹೊತ್ತಿಗೆ ಕೆಂದಿ ಎದ್ದು ನಿಂತು
ಧೋ ಎಂದು ಉಚ್ಚೆ ಹೊಯ್ದಿತು.
ಊರಲ್ಲಿ ಬಹಳ ದಿನದ ಮೇಲೆ ಅಂಥ ಸಪ್ಪಳ.
ದುಂಡವ್ವ ನಕ್ಕು, ಗಫೂರನ ಮುಖ ನೋಡಿ,
ನಕ್ಕದ್ದನ್ನು ಸೆರಗಿನಲ್ಲಿ ಒರೆಸಿಕೊಂಡಳು.

ನಮ್ಮ ರಜಿಸ್ಟರು ಮರಾಠಿಯಲ್ಲಿದೆ.
‘ಮೃತ್ಯೂಚೆ ಕಾರಣ’ ಎಂಬ ಅಂಕಣ ಎರಡು ಬೆರಳಿನಗಲ.
ಜೋಳ ಎಂದು ಬರೆದೆ, ಹೊಡೆದು ಹಾಕಿದೆ.
ನೀರು ಎಂದು ಬರೆಯಲು ಕೈ ಹೋಯಿತು.
ಕೊನೆಗೆ ಡಾಕ್ಟರು ಬಂದು ಅದಕ್ಕೊಂದು ಇಂಗ್ಲಿಷ್ ಹೆಸರು ಕೊಟ್ಟರು.

ಐದನೆಯ ದಿನ ಆ ಕಡೆ ಹೋದರೆ
ಕೂಳೆ ನೆಲಮಟ್ಟ ಕೊಯ್ದಾಗಿತ್ತು,
ಮಾಳಿಗೆಯ ಮೇಲೆ ಎಳೆ ಎಳೆಯಾಗಿ ಹರವಿತ್ತು.
ಕೊಯ್ದವನು ಗಫೂರ, ಈಗ ದನವಿಲ್ಲದವನು.
‘ಪೂರಾ ಒಣಗಿದ್ರ ಇಸ ಹೋಗತದ ಅಂತ ನೀವಽ ಅಂದ್ರಲ್ಲ.’
ಅಂದಿದ್ದೆ. ಹಸಿರಿನಲ್ಲಿ ವಿಷ ತುಂಬಿದ ಅದೇ ಬಿಸಿಲು
ಈಗ ಮಾಳಿಗೆಯ ಮೇಲೆ ಕೂತು
ಎಲೆಯಿಂದ ಎಲೆಗೆ ಅದನ್ನು ಹಿರಿಯುತ್ತಿತ್ತು.
ನಲ್ಲಿ ಇನ್ನೂ ಸೋರುತ್ತಿತ್ತು.

ದುಂಡವ್ವ ಧೂಳಿನ ಬಣ್ಣಕ್ಕೆ ಬಂದ ಒಂದು ಹಿಡಿ ತಂದು
ಕೆಂದಿಯ ಮುಂದೆ ಹಿಡಿದಳು.
ಮೂಸಿತು. ಮೋರೆ ತಿರುಗಿಸಿತು.
ಅವಳು ಒಂದು ಎಲೆ ಮುರಿದು ತನ್ನ ಬಾಯಿಗೆ ಹಾಕಿಕೊಂಡು
ಅದಕ್ಕೆ ಕಾಣುವ ಹಾಗೆ, ನಿಧಾನಕ್ಕೆ,
ಜಗಿಯತೊಡಗಿದಳು.